ಹೇಳಿದರೆ ಉಸಿರಾಡುವ ರೋಗಿ

ಆಪರೇಷನ್ ಮುಗಿಸಿ ರಿಕವರಿ ರೂಮಿಗೆ ಬಂದವರು ಹಾಯಾಗಿ ಮಲಗಿದ್ದಾರೆ. ಮುಖದಲ್ಲಿ ನೋವಿನ ಸುಳಿವಿಲ್ಲ, ಆದರೆ ಎದೆಯೂ ಅಲುಗುತ್ತಿಲ್ಲ. 'ಅಮ್ಮಾ, ಉಸಿರು ಎಳ್ಕೊಳ್ಳಿ' ಎಂದರೆ ಎಳೆದುಕೊಳ್ಳುತ್ತಾರೆ. ನಾವು ಸುಮ್ಮನಾದರೆ ಅವರೂ ಸುಮ್ಮನಾಗುತ್ತಾರೆ. ಅರಿವಳಿಕೆ ವೈದ್ಯರಿಗೆಲ್ಲ ಪರಿಚಯವಿರುವ ದೃಶ್ಯ ಇದು.

ಫೆಂಟನಿಲ್, ಮಾರ್ಫಿನ್‌ನಂಥ ಓಪಿಯಾಯ್ಡ್‌ಗಳಿಂದ (ಅಫೀಮಿನ ಬಗೆಯ ಬಲವಾದ ನೋವುನಿವಾರಕಗಳಿಂದ) ಉಸಿರಾಡುವ ಶಕ್ತಿ ಹೋಗುವುದಿಲ್ಲ, ಉಸಿರಾಡಬೇಕೆಂಬ ತುಡಿತ ಹೋಗುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತುಸು ಏರಿದರೂ ಮೆದುಳಿನ ಬುಡದಲ್ಲಿರುವ ಕೇಂದ್ರ ಉಸಿರನ್ನು ಚುರುಕುಗೊಳಿಸಬೇಕು. ಓಪಿಯಾಯ್ಡ್ ಇದ್ದಾಗ ಅದಕ್ಕೆ ಈ ಏರಿಕೆಯ ಗೊಡವೆ ಅಷ್ಟಾಗಿ ಇರುವುದಿಲ್ಲ. ನಿಮಿಷಕ್ಕೆ 14 ಇದ್ದ ಉಸಿರು 8ಕ್ಕೆ ಇಳಿಯುತ್ತದೆ, ಆಮೇಲೆ 5ಕ್ಕೆ. ಅರಿವಳಿಕೆಯ ಅನಿಲವೂ ಈ ತುಡಿತವನ್ನು ತಗ್ಗಿಸುತ್ತದೆ.

ವೆಂಟಿಲೇಟರ್ ಹಾಕಿದ್ದರೆ ಇದು ಕಣ್ಣಿಗೇ ಬೀಳದು, ಉಸಿರಾಡಿಸುವುದು ಯಂತ್ರ ತಾನೆ! ರೋಗಿ ಸ್ವಂತ ಉಸಿರಿನಲ್ಲಿರುವ ಸಣ್ಣ ಆಪರೇಷನ್‌ಗಳ ಮಾತೇ ಬೇರೆ. ಅಲ್ಲಿ ಫೆಂಟನಿಲನ್ನು 25 ಮೈಕ್ರೋಗ್ರಾಂನಂತೆ ಕೊಡುತ್ತಾ ಉಸಿರು ಎಣಿಸುತ್ತೇನೆ. ಚಾಕು ತಾಗಿದಾಗ ಎಣಿಕೆ ಏರಿದರೆ, ನೋವು ಇನ್ನೂ ಒಳಗೆ ತಟ್ಟುತ್ತಿದೆ ಎಂದು ಅನುಮಾನಿಸುತ್ತೇನೆ. ನೋವೇ ಓಪಿಯಾಯ್ಡ್‌ಗೆ ಎದುರಾಳಿ. ಹಾಗಾಗಿ ಮಾರ್ಫಿನ್ ಕೊಟ್ಟ ಮೇಲೆ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಹಾಕಿ ನೋವು ಪೂರ್ತಿ ನಿಂತರೆ, ಅಲ್ಲಿಯವರೆಗೆ ಚೆನ್ನಾಗಿದ್ದ ಉಸಿರು ಕುಸಿಯಬಹುದು.

ನನಗೆ ಹೆಚ್ಚು ಭಯ ಹುಟ್ಟಿಸುವುದು ರಕ್ತದ ಆಕ್ಸಿಜನ್ ಅಳೆಯುವ ಬೆರಳಿನ ಕ್ಲಿಪ್ ತೋರಿಸುವ ಶೇ. 99. ಆಕ್ಸಿಜನ್ ಮಾಸ್ಕ್ ಇದ್ದಾಗ ಆ ಅಂಕಿ ಬಹಳ ಹೊತ್ತು ಬೀಳುವುದಿಲ್ಲ. ಅಷ್ಟರಲ್ಲಿ 35ರಿಂದ 45ರೊಳಗೆ (mmHg ಅಳತೆಯಲ್ಲಿ) ಇರಬೇಕಾದ ಇಂಗಾಲದ ಡೈಆಕ್ಸೈಡ್ 60 ದಾಟಿರುತ್ತದೆ. ಅದು ಏರುತ್ತಾ ಹೋದರೆ ಮಂಪರು ಇನ್ನೂ ಗಾಢವಾಗುತ್ತದೆ. ಎದೆಯ ಮೇಲೆ ಕೈಯಿಟ್ಟು ಒಂದು ನಿಮಿಷ ಎಣಿಸಿದವರಿಗೆ ಇದು ಎಷ್ಟೋ ಮೊದಲೇ ತಿಳಿಯುತ್ತದೆ.

ನಲಾಕ್ಸೋನ್ ಎಂಬ ಪ್ರತಿಮದ್ದಿದೆ. ಅದನ್ನು ಒಮ್ಮೆಗೇ ಸುರಿದರೆ ಅದುಮಿಟ್ಟ ನೋವೆಲ್ಲ ಎದ್ದು ಬಿ.ಪಿ. ಜಿಗಿಯುತ್ತದೆ, ಆದ್ದರಿಂದ ಸಾಮಾನ್ಯವಾಗಿ 40 ಮೈಕ್ರೋಗ್ರಾಂನಂತೆ ಕೊಡುತ್ತೇವೆ. ಅದರ ಪ್ರಭಾವ ಗಂಟೆಯೊಳಗೆ ಇಳಿಯತೊಡಗುತ್ತದೆ, ಮಾರ್ಫಿನ್ ಹಲವು ಗಂಟೆ ಇರುತ್ತದೆ. ಎಚ್ಚರಗೊಂಡವರು ಮತ್ತೆ ಮಂಪರಿಗೆ ಜಾರಬಹುದು. 'ಎದ್ದರಲ್ಲ, ವಾರ್ಡಿಗೆ ಕಳಿಸಿ' ಎಂಬ ಅವಸರಕ್ಕೆ ನಾನು ಒಪ್ಪದಿರುವುದು ಇದಕ್ಕೇ.

ವಾರ್ಡಿನಲ್ಲಿ ಮನೆಯವರು 'ಗೊರಕೆ ಹೊಡೀತಿದ್ದಾರೆ, ಒಳ್ಳೆ ನಿದ್ದೆ' ಎಂದು ಸಮಾಧಾನಪಡುತ್ತಾರೆ. ಗೊರಕೆ ನಡುನಡುವೆ ನಿಂತು ನಿಂತು ಬರುತ್ತಿದ್ದರೆ ದಯವಿಟ್ಟು ರೋಗಿಯನ್ನು ತಟ್ಟಿ ಎಬ್ಬಿಸಿ, ನರ್ಸನ್ನು ಕೂಗಿ.