ಬಣವೆಗಳ ಸೀಮೆಯಲ್ಲಿ ರಾಕೆಟ್

ಹವ್ಯಾಸಿ ರಾಕೆಟ್ ಹಾರಿಸುವವರಿಗೆ ಹಣಕ್ಕಿಂತ ಮೊದಲು ಬೇಕಾದದ್ದು ಬಯಲು. ತಲೆಯ ಮೇಲೆ ವಿದ್ಯುತ್ ತಂತಿ ಇರಬಾರದು, ಕಾಲ ಕೆಳಗೆ ಬೆಳೆ ಇರಬಾರದು, ಕೂಗಳತೆಯಲ್ಲಿ ಮನೆ ಇರಬಾರದು. ಈ ಲೆಕ್ಕಕ್ಕೆ ಬಳ್ಳಾರಿ, ರಾಯಚೂರು, ಕೊಪ್ಪಳದ ಎರೆಭೂಮಿಗಿಂತ ಒಳ್ಳೆಯ ಮೈದಾನ ಸಿಗುವುದು ಕಷ್ಟ. ಮಾರ್ಚ್ ಹೊತ್ತಿಗೆ ಹಿಂಗಾರಿ ಜೋಳ, ಕಡಲೆ ಕಟಾವಾಗಿ ಕಣ್ಣು ಹಾಯುವಷ್ಟು ದೂರ ಹೊಲ ಖಾಲಿ. ಆಕಾಶದಲ್ಲಿ ಮೋಡವಿಲ್ಲ. ವಿದ್ಯಾರ್ಥಿಗಳಿಗೆ ರಜೆಯೂ ಹತ್ತಿರ. ಎಲ್ಲವೂ ಹೀಗೆ ಕೂಡಿಬರುವ ಮಾರ್ಚ್‌ನಿಂದ ಮೇವರೆಗಿನ ಕಾಲವೇ ರಾಕೆಟ್‌ಗೆ ಕಿಡಿ ಕೊಡಲು ವರ್ಷದಲ್ಲೇ ಅತ್ಯಂತ ಕೆಟ್ಟ ಕಾಲ.

ಈ ಹವ್ಯಾಸ ಬೆಳೆದ ಅಮೆರಿಕದಲ್ಲಿ ಇದು ಹಳೆಯ ಪಾಠ. ಅಲ್ಲಿನ ಪಶ್ಚಿಮದ ರಾಜ್ಯಗಳಲ್ಲಿ ಬೇಸಿಗೆ ಏರುತ್ತಿದ್ದಂತೆ ಆಡಳಿತ ಹಂತ ಹಂತವಾಗಿ ಬೆಂಕಿ ನಿರ್ಬಂಧಗಳನ್ನು ಹೇರುತ್ತದೆ. ಮೊದಲು ಬಯಲಲ್ಲಿ ಒಲೆ ಹಚ್ಚುವುದು, ಸಿಗರೇಟು ಸೇದುವುದು ನಿಲ್ಲುತ್ತದೆ. ಒಣಹವೆ ಮುಂದುವರಿದರೆ ವೆಲ್ಡಿಂಗ್, ಸ್ಫೋಟಕಗಳಂಥವುಗಳಿಗೂ ತಡೆ ಬೀಳುತ್ತದೆ. ತಿಂಗಳುಗಟ್ಟಲೆ ತಯಾರಿ ಮಾಡಿಕೊಂಡ ರಾಕೆಟ್ ಕ್ಲಬ್ಬುಗಳು ಹಿಂದಿನ ದಿನ ಉಡಾವಣೆ ರದ್ದು ಮಾಡುವುದು ಅಲ್ಲಿ ಅಪರೂಪವಲ್ಲ. ಅದಕ್ಕೇ ದೊಡ್ಡ ರಾಕೆಟ್ ಹಾರಿಸುವವರು ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಯಂತಹ ಬತ್ತಿದ ಸರೋವರದ ತಳವನ್ನು ಹುಡುಕಿಕೊಂಡು ಹೋಗುತ್ತಾರೆ. ಬಿರುಕುಬಿಟ್ಟ ಆ ಮಣ್ಣಿನ ಹಾಸಿನ ಮೇಲೆ ಒಂದು ಗರಿಕೆಯೂ ಹುಟ್ಟುವುದಿಲ್ಲ. ರಾಕೆಟ್ ಸಿಡಿದು ಬಿದ್ದರೂ ಉರಿಯಲು ಅಲ್ಲೇನಿದೆ?

ಸಣ್ಣ ರಾಕೆಟ್ ಒಂದರ ಮೋಟಾರನ್ನು ಕೈಗೆ ತೆಗೆದುಕೊಂಡು ನೋಡಿದರೆ ಅಪಾಯ ಎಲ್ಲಿ ಕುಳಿತಿದೆ ಎಂಬುದು ತಿಳಿಯುತ್ತದೆ. 18 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದದ ಗಟ್ಟಿ ಕಾಗದದ ಕೊಳವೆ. ಕೆಳತುದಿಯಲ್ಲಿ ಜೇಡಿಮಣ್ಣಿನ ನಳಿಕೆ. ಅದರ ಮೇಲೆ ಒತ್ತಿ ತುಂಬಿದ ಕರಿಮದ್ದು, ಅಂದರೆ ಪೊಟ್ಯಾಸಿಯಂ ನೈಟ್ರೇಟ್, ಇದ್ದಿಲು ಮತ್ತು ಗಂಧಕ. ಇದು ಒಂದೆರಡು ಸೆಕೆಂಡಿನಲ್ಲಿ ಉರಿದು ಮುಗಿಯುತ್ತದೆ. ಅದರ ಮೇಲೆ ನಿಧಾನವಾಗಿ ಉರಿಯುವ, ನೂಕುಬಲ ಕೊಡದ ಇನ್ನೊಂದು ಪದರ. ರಾಕೆಟ್ ತನ್ನ ವೇಗದಲ್ಲೇ ಮೇಲೇರುತ್ತಿರುವಾಗ ಇದು ಮೂರರಿಂದ ಏಳು ಸೆಕೆಂಡು ಕಾಲ ಕಳೆಯುತ್ತದೆ. ಕೊನೆಯಲ್ಲಿ ಒಂದು ಚಿಟಿಕೆ ಮದ್ದು ಮೇಲ್ಮುಖವಾಗಿ ಸಿಡಿದು, ಮೂತಿಯನ್ನು ಕಳಚಿ ಪ್ಯಾರಾಚೂಟನ್ನು ಹೊರಗೆ ತಳ್ಳುತ್ತದೆ. ಆ ಬಿಸಿಗೆ ಪ್ಯಾರಾಚೂಟ್ ಸುಡದಿರಲೆಂದು ನಡುವೆ ಬೆಂಕಿ ಹಿಡಿಯದ ಕಾಗದವನ್ನು ತುರುಕಿರುತ್ತಾರೆ.

ನೋಡುವವರು ಹೆದರುವುದು ಉಡಾವಣೆಯ ಕ್ಷಣದ ಜ್ವಾಲೆಗೆ. ಆದರೆ ಅಲ್ಲಿನ ಅಪಾಯವನ್ನು ಹದ್ದಿನಲ್ಲಿಡುವುದು ಸುಲಭ. ರಾಕೆಟ್ ನಿಲ್ಲಿಸಿ ಹಾರಿಸುವ ಕಂಬಿಯ ಬುಡಕ್ಕೆ ಕಬ್ಬಿಣದ ತಗಡು ಇಟ್ಟು, ಸುತ್ತ ಹುಲ್ಲು ಕೆತ್ತಿ, ನೆಲ ನೆನೆಸಿ, ಪಕ್ಕದಲ್ಲಿ ನೀರಿನ ಕೊಡ ಮತ್ತು ಒದ್ದೆ ಗೋಣಿಚೀಲ ಇಟ್ಟುಕೊಂಡರೆ ಸಾಕು. ತೊಂದರೆ ಇರುವುದು ಹಾದಿ ತಪ್ಪಿದ ರಾಕೆಟ್‌ನಲ್ಲಿ. ರೆಕ್ಕೆಯೊಂದು ಕಿತ್ತುಹೋಗಿಯೋ ಭಾರದ ಸಮತೋಲ ತಪ್ಪಿಯೋ ಅದು ಅಡ್ಡಡ್ಡ ಹಾರಿತೆನ್ನಿ. ಐದು ಸೆಕೆಂಡು ಕಾಯಬೇಕಾದ ಪದರ ಇನ್ನೂ ಉರಿಯುತ್ತಿರುವಾಗಲೇ ಅದು ಮೂರನೆಯ ಸೆಕೆಂಡಿಗೆ ಹೊಲದಲ್ಲಿ ಬಿದ್ದಿರುತ್ತದೆ. ಆಕಾಶದಲ್ಲಿ ಪ್ಯಾರಾಚೂಟ್ ತೆರೆಯಬೇಕಿದ್ದ ಆ ಚಿಟಿಕೆ ಮದ್ದು ಕೂಳೆಯ ನಡುವೆ ಸಿಡಿಯುತ್ತದೆ. ನೀರಿನ ಕೊಡ ಇರುವುದು ಉಡಾವಣೆಯ ಜಾಗದಲ್ಲಿ; ಬೆಂಕಿ ಹೊತ್ತಿದ್ದು ಇನ್ನೂರು ಮೀಟರ್ ಆಚೆ. ಓಡಿ ತಲುಪುವಷ್ಟರಲ್ಲಿ ಗಾಳಿ ತನ್ನ ಕೆಲಸ ಮುಗಿಸಿರುತ್ತದೆ.

ದೊಡ್ಡ ರಾಕೆಟ್‌ಗಳಿಗೆ ಇನ್ನೆರಡು ಕಾಟಗಳಿವೆ. ಎತ್ತರ ಅಳೆಯುವ ಉಪಕರಣದ ಲಿಥಿಯಂ ಬ್ಯಾಟರಿ ನೆಲಕ್ಕಪ್ಪಳಿಸಿ ಜಜ್ಜಿದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಕಿಡಿಗಳ ಸೊಬಗಿಗಾಗಿ ಕೆಲವು ಮೋಟಾರುಗಳಿಗೆ ಟೈಟಾನಿಯಂ ಚೂರು ಬೆರೆಸುತ್ತಾರೆ. ಅಂಥವು ಹಾರುವಾಗ ಜನರನ್ನು ಮಾಮೂಲಿಗಿಂತ ಒಂದೂವರೆ ಪಟ್ಟು ದೂರ ನಿಲ್ಲಿಸಬೇಕು, ಆ ಜಾಗದಲ್ಲಿ ಉರಿಯುವ ವಸ್ತು ಏನೂ ಇರಬಾರದು ಎಂದು ಅಮೆರಿಕದ ಹವ್ಯಾಸಿಗಳ ಸುರಕ್ಷತಾ ಸಂಹಿತೆ ಹೇಳುತ್ತದೆ. ಸೊಬಗಿಗೆ ಇಷ್ಟು ಬೆಲೆ ತೆರುವ ಅಗತ್ಯ ನನಗಂತೂ ಕಾಣುವುದಿಲ್ಲ.

ಇದೇ ರಾಕೆಟ್ ಆಗಸ್ಟ್‌ನಲ್ಲಿ ಬಿದ್ದರೆ ಹೊಗೆಯಾಡಿ ತಣ್ಣಗಾಗುತ್ತದೆ. ವ್ಯತ್ಯಾಸ ಮದ್ದಿನಲ್ಲಿಲ್ಲ, ಹುಲ್ಲಿನ ತೇವದಲ್ಲಿದೆ. ಹುಲ್ಲು ಹೊತ್ತಬೇಕಾದರೆ ಮೊದಲು ಅದರೊಳಗಿನ ನೀರು ಆವಿಯಾಗಬೇಕು; ಕಿಡಿಯ ಬಿಸಿಯೆಲ್ಲ ಅದಕ್ಕೇ ಖರ್ಚಾದರೆ ಬೆಂಕಿ ಹುಟ್ಟುವುದಿಲ್ಲ. ದಪ್ಪ ಕಟ್ಟಿಗೆ ಒಣಗಲು ವಾರಗಳು ಬೇಕು. ಸತ್ತ ಹುಲ್ಲು ಹಾಗಲ್ಲ. ಅದರ ಎಳೆ ಎಷ್ಟು ತೆಳುವೆಂದರೆ ಸುತ್ತಲಿನ ಗಾಳಿಯ ತೇವಕ್ಕೆ ಸುಮಾರು ಒಂದು ಗಂಟೆಯಲ್ಲೇ ಹೊಂದಿಕೊಂಡುಬಿಡುತ್ತದೆ. ರಾಯಚೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ಉಷ್ಣಾಂಶ 40 ಡಿಗ್ರಿ ದಾಟಿ, ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 20ರ ಆಸುಪಾಸಿಗೆ ಇಳಿದರೆ ಹುಲ್ಲಿನಲ್ಲಿ ಉಳಿಯುವ ನೀರು ಅದರ ಒಣತೂಕದ ಶೇ 3–4 ಮಾತ್ರ. ಶೇ 15–20 ಇದ್ದಿದ್ದರೆ ಬೆಂಕಿ ಹಬ್ಬಲು ತಿಣುಕಾಡುತ್ತಿತ್ತು. ಮಧ್ಯಾಹ್ನದ ಬಿಸಿಗೆ ಏಳುವ ಸುಳಿಗಾಳಿ ಬೇರೆ ಇದೆ. ಅದು ರಾಕೆಟ್‌ನ ದಿಕ್ಕನ್ನೂ ಕೆಡಿಸುತ್ತದೆ, ಹೊತ್ತಿದ ಎಳೆಗಳನ್ನೂ ಎತ್ತಿ ಬೇರೆಡೆ ಎಸೆಯುತ್ತದೆ.

ಹೊಲ ಖಾಲಿ ಎಂದೆನಲ್ಲ, ಅದು ಅರ್ಧಸತ್ಯ. ಹೊಲದ ಬದುವಿನಲ್ಲಿ, ಊರಂಚಿನ ಹಿತ್ತಿಲುಗಳಲ್ಲಿ ಇದೇ ಕಾಲಕ್ಕೆ ಬಣವೆಗಳು ನಿಂತಿರುತ್ತವೆ. ಜೋಳದ ಕಣಿಕೆ, ಶೇಂಗಾ ಹೊಟ್ಟು, ನೆಲ್ಲುಹುಲ್ಲು, ಎಲ್ಲವೂ ಮುಂದಿನ ಮಳೆಯವರೆಗೆ ದನಗಳ ಹೊಟ್ಟೆಗೆ. ಕಣಿಕೆಯ ಬಣವೆಯ ಒಳಗೆ ದಂಟು ದಂಟಿನ ನಡುವೆ ಗಾಳಿಯಾಡಲು ಸಂದು ಇರುತ್ತದೆ. ಮೇವು ಕೊಳೆಯದಂತೆ ಕಾಪಾಡುವ ಆ ಸಂದುಗಳೇ ಬೆಂಕಿ ಬಿದ್ದಾಗ ಕುಲುಮೆಯ ತಿದಿಯಾಗುತ್ತವೆ. ಮೇಲೆ ನೀರು ಸುರಿದರೂ ಒಳಗೆ ಕೆಂಡ ಉಳಿಯುತ್ತದೆ. ಬಣವೆಯನ್ನು ಬಿಚ್ಚಿ ಹರಡದೆ ಆರಿಸಲಾಗದು. ಅಗ್ನಿಶಾಮಕ ವಾಹನ ತಾಲ್ಲೂಕು ಕೇಂದ್ರದಿಂದ ಬರುವುದರೊಳಗೆ ರೈತನ ವರ್ಷದ ಮೇವು ಬೂದಿಯಾಗಿರುತ್ತದೆ. ಬೇಸಿಗೆಯಲ್ಲಿ ಸ್ಥಳೀಯ ಪತ್ರಿಕೆ ಓದುವವರಿಗೆ ‘ಬಣವೆಗೆ ಬೆಂಕಿ’ ಎಂಬ ತಲೆಬರಹ ಹೊಸದಲ್ಲ. ಕಾಡಿನ ಬೆಂಕಿ ಬೇರೆಯದೇ ಕಥೆ. ಸಂಡೂರಿನ ಗುಡ್ಡಗಳ ಒಣಹುಲ್ಲಿನ ಹತ್ತಿರಕ್ಕೂ ರಾಕೆಟ್ ಒಯ್ಯಬಾರದು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಹಾಗಾದರೆ ನಮ್ಮ ಬತ್ತಿದ ಕೆರೆಯಂಗಳಗಳು ಬ್ಲ್ಯಾಕ್ ರಾಕ್ ಆಗಲಾರವೇ? ನಕಾಶೆಯಲ್ಲಿ ನೋಡಿದರೆ ಆಗಬೇಕು. ಹೋಗಿ ನೋಡಿದರೆ ಅನೇಕ ಕೆರೆಗಳ ತುಂಬ ಬಳ್ಳಾರಿ ಜಾಲಿ. ಬೇಸಿಗೆಯಲ್ಲೂ ಹಸಿರಾಗಿ ನಿಲ್ಲುವ ಈ ಗಿಡದ ಬುಡದಲ್ಲಿ ಒಣಗಿದ ಟೊಂಗೆ, ಕಾಯಿಗಳ ರಾಶಿ. ಬೆಂಕಿ ಬೀಳದಿದ್ದರೂ ಪ್ಯಾರಾಚೂಟ್ ಮುಳ್ಳಿನಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಜರಡಿಯಾಗಿರುತ್ತದೆ. ಕೊಪ್ಪಳ, ಗಂಗಾವತಿ ಕಡೆಯ ಹಾಸುಬಂಡೆಗಳು ಉಡಾವಣೆಗೆ ಚೆನ್ನ, ಆದರೆ ರಾಕೆಟ್ ಇಳಿಯುವುದು ಬಂಡೆಯ ಮೇಲೇ ಅಲ್ಲ. 300 ಮೀಟರ್ ಎತ್ತರದಿಂದ ಸೆಕೆಂಡಿಗೆ 5 ಮೀಟರ್‌ನಂತೆ ಇಳಿಯುವ ರಾಕೆಟ್ ಒಂದು ನಿಮಿಷ ಗಾಳಿಯಲ್ಲಿರುತ್ತದೆ. ಗಂಟೆಗೆ 18 ಕಿಲೋಮೀಟರ್ ವೇಗದ ಸಾಧಾರಣ ಗಾಳಿ ಅಷ್ಟರಲ್ಲಿ ಅದನ್ನು 300 ಮೀಟರ್ ದೂರ ಒಯ್ದಿರುತ್ತದೆ. ವಿಚಿತ್ರವೆಂದರೆ, ಬೆಂಕಿಯ ದೃಷ್ಟಿಯಿಂದ ಬೇಸಿಗೆಯ ಅತಿ ಸುರಕ್ಷಿತ ನೆಲ ಆಗಲೇ ಸುಟ್ಟುಹೋದ ಗದ್ದೆ. ಸಿರುಗುಪ್ಪ, ಸಿಂಧನೂರು ಭಾಗದಲ್ಲಿ ನೆಲ್ಲಿನ ಕೂಳೆ ಸುಡುವುದನ್ನು ನಾನು ಒಪ್ಪುವುದಿಲ್ಲ. ಆದರೂ ಒಮ್ಮೆ ಉರಿದು ಹೋದದ್ದು ಮತ್ತೆ ಉರಿಯದು ಎಂಬುದು ನಿಜ.

ಋತುವಿನ ಲೆಕ್ಕ ಹಾಕಿದರೆ ಜೂನ್‌ನ ಮುಂಗಾರು ನೆಲವನ್ನೇನೋ ನೆನೆಸುತ್ತದೆ, ಜೊತೆಗೆ ಜೋರು ಗಾಳಿಯನ್ನೂ ತರುತ್ತದೆ. ಕೊಪ್ಪಳ, ಗದಗ ಸೀಮೆಯಲ್ಲಿ ಸಾಲುಗಟ್ಟಿ ಗಾಳಿಯಂತ್ರಗಳು ನಿಂತಿರುವುದು ಸುಮ್ಮನೆ ಅಲ್ಲ. ಗಂಟೆಗೆ 32 ಕಿಲೋಮೀಟರ್ ಮೀರಿದ ಗಾಳಿಯಲ್ಲಿ ಹಾರಿಸಬಾರದೆಂಬುದು ಈ ಹವ್ಯಾಸದ ಮೂಲ ನಿಯಮಗಳಲ್ಲೊಂದು. ನನ್ನ ಎಣಿಕೆಯಲ್ಲಿ ಸರಿಯಾದ ಕಾಲ ಸೆಪ್ಟೆಂಬರ್. ಹಿಂಗಾರಿ ಬಿತ್ತನೆಗೆಂದು ಹರಗಿ ಬಿಟ್ಟ ಎರೆಹೊಲದಲ್ಲಿ ಆಗ ಕೂಳೆಯಿಲ್ಲ, ಹುಲ್ಲಿಲ್ಲ, ಬೆಳೆಯಿಲ್ಲ; ಮಣ್ಣಿನಲ್ಲಿ ತೇವವಿದೆ, ಗಾಳಿಯೂ ತಗ್ಗಿರುತ್ತದೆ. ಹಿಂದಿನ ದಿನ ಮಳೆ ಬಿದ್ದಿದ್ದರೆ ರಾಕೆಟ್ ತರಲು ಹೋದವರ ಚಪ್ಪಲಿಗೆ ತಲಾ ಎರಡು ಕಿಲೋ ಎರೆಮಣ್ಣು ಮೆತ್ತಿಕೊಳ್ಳುತ್ತದೆ, ಅದನ್ನು ಸಹಿಸಿಕೊಳ್ಳಬೇಕು. ಹೊಲದ ಯಜಮಾನನ ಒಪ್ಪಿಗೆಯಂತೂ ಬೇಕೇ ಬೇಕು. ಹರಗಿದ ಹೊಲವನ್ನು ತುಳಿಯುವುದು ಸಣ್ಣ ಮಾತಲ್ಲ.

ನಮ್ಮಲ್ಲಿ ಕಾನೂನಿನ ತೊಡಕು ಬೇಸಿಗೆಗೆ ಮಾತ್ರ ಸೀಮಿತವಲ್ಲ. 1884ರ ಸ್ಫೋಟಕ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳ ಪ್ರಕಾರ ಪರವಾನಗಿಯಿಲ್ಲದೆ ಮದ್ದು ತಯಾರಿಸುವಂತಿಲ್ಲ. ಸಕ್ಕರೆಗೆ ಪೊಟ್ಯಾಸಿಯಂ ನೈಟ್ರೇಟ್ ಬೆರೆಸಿ ಒಲೆಯ ಮೇಲೆ ಕಾಯಿಸುವ ವಿಡಿಯೊಗಳನ್ನು ನೋಡಿ ಹುಮ್ಮಸ್ಸುಗೊಂಡವರು ಕಾನೂನಿಗಿಂತ ಮೊದಲು ತಮ್ಮ ಬೆರಳುಗಳ ಬಗ್ಗೆ ಯೋಚಿಸಬೇಕು. ವಿದ್ಯಾರ್ಥಿಗಳು ಅಧಿಕೃತ ಸ್ಪರ್ಧೆಗಳ ಮೂಲಕ ಹೋಗುವುದೇ ಸರಿ.

ಬೇಸಿಗೆ ರಜೆಯಲ್ಲೇ ಏನಾದರೂ ಹಾರಿಸಬೇಕು ಎನ್ನುವ ಮಕ್ಕಳಿಗೆ ನೀರಿನ ರಾಕೆಟ್ ಇದೆ. ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಗೆ ಮೂರನೇ ಒಂದು ಭಾಗ ನೀರು, ಬಿಗಿಯಾದ ಬಿರಡೆ, ಸೈಕಲ್ ಪಂಪು. ಒತ್ತಡಕ್ಕೆ ಬಿರಡೆ ಕಳಚಿದಾಗ ನೀರು ಕೆಳಗೆ ಚಿಮ್ಮುತ್ತದೆ, ಬಾಟಲಿ ಮೇಲೆ ಚಿಮ್ಮುತ್ತದೆ. ಅದೇ ನ್ಯೂಟನ್ನನ ಮೂರನೇ ನಿಯಮ, ಕಿಡಿಯಿಲ್ಲದೆ. ಚೆನ್ನಾಗಿ ಮಾಡಿದ್ದು ಮೂವತ್ತು ಮೀಟರ್ ಎತ್ತರಕ್ಕೆ ಆರಾಮವಾಗಿ ಹೋಗುತ್ತದೆ. ಒಂದೇ ಎಚ್ಚರಿಕೆ: ಬೇಸಿಗೆಯ ಮಧ್ಯಾಹ್ನ ಎರೆಮಣ್ಣಿನ ಮೇಲ್ಮೈ 60 ಡಿಗ್ರಿ ತಲುಪುವುದುಂಟು, ಬಾಟಲಿಯ ಪ್ಲಾಸ್ಟಿಕ್ 70ರ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಕಾದ ನೆಲದ ಮೇಲೆ ಬಿಟ್ಟ ಬಾಟಲಿಗೆ ಗಾಳಿ ತುಂಬಿದರೆ ಅದು ಹಾರುವ ಬದಲು ಒಡೆಯಬಹುದು. ಹಾರಿಸುವ ತನಕ ಅದನ್ನು ನೆರಳಿನಲ್ಲಿಡಿ, ಪಂಪು ಹೊಡೆಯುವವರು ಉದ್ದನೆಯ ಪೈಪು ಬಳಸಿ ಆರೇಳು ಮೀಟರ್ ದೂರ ನಿಲ್ಲಲಿ.