ಸಿಐಪಿಪಿ: ರಸ್ತೆ ಅಗೆಯದೆ ಒಳಚರಂಡಿ ಪೈಪ್ ದುರಸ್ತಿ

ಸಿಐಪಿಪಿ ಎಂದರೆ ಕ್ಯೂರ್ಡ್ ಇನ್ ಪ್ಲೇಸ್ ಪೈಪ್. ಪಾಲಿಯೆಸ್ಟರ್ ಫೆಲ್ಟಿನ (ಕಂಬಳಿಯಂಥ ದಪ್ಪ ಬಟ್ಟೆಯ) ಉದ್ದನೆ ಚೀಲಕ್ಕೆ, ಅಂದರೆ ಲೈನರಿಗೆ, ರೆಸಿನ್ ಎಂಬ ಗಟ್ಟಿಯಾಗುವ ಅಂಟುದ್ರವ ಕುಡಿಸಿ, ಅದನ್ನು ಮ್ಯಾನ್‌ಹೋಲ್ ಮೂಲಕ ಹಾಳಾದ ಪೈಪಿನೊಳಗೆ ಇಳಿಸಿ, ಅಲ್ಲೇ ಗಟ್ಟಿ ಮಾಡುವ ವಿಧಾನ. 1971ರಲ್ಲಿ ಎರಿಕ್ ವುಡ್ ಲಂಡನ್ನಿನ ಹ್ಯಾಕ್ನಿಯಲ್ಲಿ ಹಳೆಯ ಇಟ್ಟಿಗೆ ಚರಂಡಿಯೊಂದಕ್ಕೆ ಇದನ್ನು ಮೊದಲು ಹಾಕಿದರು.

ಕೆಲಸದ ಹೆಚ್ಚಿನ ಪಾಲು ಲೈನರ್ ಹಾಕುವ ಮೊದಲೇ ಮುಗಿದಿರಬೇಕು. ಮೇಲಿನ ಮ್ಯಾನ್‌ಹೋಲ್‌ನಲ್ಲಿ ಪ್ಲಗ್ ಹಾಕಿ, ಬರುವ ನೀರನ್ನು ಪಂಪಿನಿಂದ ಆಚೆ ದಾಟಿಸುತ್ತಾರೆ. ಜೆಟ್ಟಿಂಗ್ ಮಷಿನ್‌ನಿಂದ ಹೂಳು, ಜಿಡ್ಡು ತೆಗೆದು, ಕ್ಯಾಮೆರಾ ಓಡಿಸಿ, ಪ್ರತಿ ಮನೆ ಕನೆಕ್ಷನ್ ಎಷ್ಟನೇ ಮೀಟರಿನಲ್ಲಿ, ಯಾವ ಬದಿಗಿದೆ ಎಂದು ಬರೆದಿಟ್ಟುಕೊಳ್ಳುತ್ತಾರೆ. ನಮ್ಮ ಹಳೆ ಯುಜಿಡಿಯ (ಒಳಚರಂಡಿಯ) ಸ್ಟೋನ್‌ವೇರ್, ಅಂದರೆ ಸುಟ್ಟ ಜೇಡಿಮಣ್ಣಿನ ಪೈಪಿನಲ್ಲಿ ಬೇರು ನುಗ್ಗುವುದು ಜಾಯಿಂಟುಗಳಲ್ಲಿ. ಅದನ್ನು ಬುಡಮಟ್ಟ ಕತ್ತರಿಸದಿದ್ದರೆ ಲೈನರ್ ಅಲ್ಲಿ ಉಬ್ಬಿಯೇ ಕೂರುತ್ತದೆ. ಒಳಗಿನ ಏರುಪೇರನ್ನೆಲ್ಲ ಅದು ಹಾಗೇ ಅಚ್ಚೊತ್ತಿಕೊಳ್ಳುತ್ತದೆ.

ರೆಸಿನ್ ಕುಡಿದ ಲೈನರ್ ಬಿಸಿಲಿಗೆ ನಿಂತ ಲಾರಿಯಲ್ಲೇ ಗಟ್ಟಿಯಾಗಬಹುದು. ಆದ್ದರಿಂದ ತಂಪು ವಾಹನದಲ್ಲೇ ತರಬೇಕು. ಸೈಟಿನಲ್ಲಿ ನೀರಿನ ಒತ್ತಡದಿಂದಲೋ ಗಾಳಿಯಿಂದಲೋ ಅಂಗಿಯ ತೋಳಿನಂತೆ ಒಳಹೊರಗು ಮಗುಚುತ್ತ ತಳ್ಳುತ್ತಾರೆ; ರೆಸಿನ್ ಇರುವ ಮೈ ಹಳೆ ಪೈಪಿಗೆ ತಾಗುತ್ತದೆ. 300 ಮಿ.ಮೀ. ಪೈಪಿಗೆ ಲೈನರಿನ ದಪ್ಪ ಸಾಮಾನ್ಯವಾಗಿ 6 ಮಿ.ಮೀ. ಆಸುಪಾಸು; ಆಳ, ಅಂತರ್ಜಲ ಹೆಚ್ಚಿದಂತೆ ಅದೂ ಹೆಚ್ಚುತ್ತದೆ.

ಕ್ಯೂರಿಂಗ್‌ಗೆ, ಅಂದರೆ ರೆಸಿನ್ ಗಟ್ಟಿ ಮಾಡಲು, ಸುಮಾರು 80 ಡಿಗ್ರಿಯ ಬಿಸಿನೀರು, ಹಬೆ ಅಥವಾ ಯುವಿ (ನೇರಳಾತೀತ) ದೀಪ. ಯುವಿಗೆ ಫೆಲ್ಟಿನ ಬದಲು ಗ್ಲಾಸ್ ಫೈಬರ್ ಲೈನರ್ ಬೇಕು. ಬಿರುಕಿನಿಂದ ಅಂತರ್ಜಲ ಒಸರುವ ಕಡೆ ಶಾಖ ಸೋರಿ ಲೈನರ್ ಮೆತ್ತಗೇ ಉಳಿಯುತ್ತದೆ, ಹಾಗಾಗಿ ಮೊದಲು ಗ್ರೌಟ್ ಮಾಡಿ (ಬಿರುಕು ತುಂಬುವ ದ್ರವ ಒತ್ತಿ) ಒಸರು ನಿಲ್ಲಿಸಬೇಕು. ಗಟ್ಟಿಯಾದ ಮೇಲೂ ಬಿಸಿನೀರು 38 ಡಿಗ್ರಿಗಿಂತ ಕೆಳಗಿಳಿಯುವ ತನಕ ಒತ್ತಡ ಬಿಡಬಾರದೆಂದು ಈ ಕೆಲಸದ ಅಮೆರಿಕನ್ ಮಾನದಂಡ ಎಎಸ್‌ಟಿಎಂ ಎಫ್1216 ಹೇಳುತ್ತದೆ. ಸಂಜೆಯೊಳಗೆ ರಸ್ತೆ ಬಿಟ್ಟುಕೊಡುವ ಅವಸರ ಕಾಣುವುದೂ ಇಲ್ಲೇ, ಆಮೇಲೆ ಲೈನರ್ ಕುಗ್ಗಿ ಕನೆಕ್ಷನ್ ಜಾಗ ತಪ್ಪುವುದೂ ಇದರಿಂದಲೇ.

ಕ್ಯೂರಿಂಗ್ ಹೊತ್ತಿಗೆ ರೆಸಿನ್‌ನಿಂದ ಏಳುವ ಸ್ಟೈರೀನ್ ಎಂಬ ರಾಸಾಯನಿಕದ ವಾಸನೆ ಒಣಗಿದ ಟ್ರ್ಯಾಪ್ (ನೀರು ನಿಂತು ವಾಸನೆ ತಡೆಯುವ ಬಾಗು) ಹಾದು ಬಚ್ಚಲಿಗೆ ಬರುತ್ತದೆ. ಬೀದಿಯವರಿಗೆ ಮುಂಚೆಯೇ ತಿಳಿಸಿ, ಬಳಸದ ಟ್ರ್ಯಾಪ್‌ಗಳಿಗೆ ಒಂದೊಂದು ಬಿಂದಿಗೆ ನೀರು ಹಾಕಿಸುವುದು ಒಳ್ಳೆಯದು.

ಕೊನೆಗೆ ರೋಬೋಟ್ ಕಟರ್ ಒಳಗಿನಿಂದಲೇ ಮನೆ ಕನೆಕ್ಷನ್‌ಗಳ ಬಾಯಿ ತೆರೆಯುತ್ತದೆ. ಬರೆದಿಟ್ಟ ಮೀಟರ್ ಲೆಕ್ಕ ತಪ್ಪಿದ್ದರೆ ಹೊಸ ಪೈಪಿಗೇ ತೂತು ಬೀಳುತ್ತದೆ. ಒಂದು ಬಾಯಿ ಮರೆತರೆ ಆ ಮನೆಯ ಶೌಚಾಲಯ ಕಟ್ಟಿಕೊಳ್ಳುತ್ತದೆ. ತೆರೆದ ಬಾಯಿಯ ಅಂಚನ್ನೂ ಸೀಲ್ ಮಾಡದಿದ್ದರೆ ಲೈನರಿಗೂ ಹಳೆ ಪೈಪಿಗೂ ನಡುವಿನ ಸಂದಿಯಲ್ಲಿ ಹರಿದ ಅಂತರ್ಜಲ ಅಲ್ಲಿಂದಲೇ ಒಳಬರುತ್ತದೆ.

ಪೂರ್ತಿ ಕುಸಿದ ಪೈಪಿಗೆ ಇದು ಆಗದು. ನಡುವೆ ಜಗ್ಗಿ ನೀರು ನಿಲ್ಲುತ್ತಿದ್ದ ಲೈನಿನಲ್ಲಿ ಲೈನರ್ ಹಾಕಿದ ಮೇಲೂ ನೀರು ಅಲ್ಲೇ ನಿಲ್ಲುತ್ತದೆ. ಇಳಿಜಾರು ಸರಿಯಾಗಬೇಕಾದರೆ ಅಷ್ಟು ದೂರ ಅಗೆಯಲೇಬೇಕು.