ಮಗಳ ಆನ್‌ಲೈನ್ ಕೌನ್ಸೆಲಿಂಗ್ ವೇಳೆ ನಾನು ಪಕ್ಕದಲ್ಲಿ ಕೂರಬೇಕಾ?

ಪ್ರಶ್ನೆ: ನಾವು ನಾಪೋಕ್ಲು ಕಡೆಯವರು. 14 ವರ್ಷದ ಮಗಳಿಗೆ ಬೆಂಗಳೂರಿನ ಸೈಕಾಲಜಿಸ್ಟ್ ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ ಕೌನ್ಸೆಲಿಂಗ್ ಮಾಡುತ್ತಾರೆ. ನಾನು ಪಕ್ಕದಲ್ಲಿದ್ದರೆ ಅವಳು ಮಾತೇ ಆಡಲ್ಲ. ಎದ್ದು ಹೋಗಲು ನನಗೆ ಭಯ. ಏನು ಮಾಡಲಿ?

ಉತ್ತರ: ಎದ್ದು ಹೋಗಿ, ಆದರೆ ಮನೆಯಲ್ಲೇ ಇರಿ. ಅಮ್ಮನ ಎದುರು ಹೇಳಲಾಗದ್ದನ್ನು ಹೇಳಿಕೊಳ್ಳುವುದಕ್ಕೇ ಅಲ್ವಾ ಇನ್ನೊಬ್ಬರು ಬೇಕಾಗಿರುವುದು?

ಕ್ಲಿನಿಕ್‌ನಲ್ಲಾದರೆ ಬಾಗಿಲು ಹಾಕುವುದು ಅವರ ಕೆಲಸ. ಇಲ್ಲಿ ಬಾಗಿಲು ನಿಮ್ಮ ಮನೆಯದು, ಅದನ್ನು ಕಾಯಬೇಕಾದವರೂ ನೀವೇ. ನಮ್ಮ ಕೊಡಗಿನಲ್ಲಿ ಇದು ಸುಲಭವಲ್ಲ. ಎಷ್ಟೋ ಮನೆಗಳಲ್ಲಿ ನೆಟ್‌ವರ್ಕ್ ಸಿಗುವುದು ವರಾಂಡದ ಒಂದು ಮೂಲೆಯಲ್ಲಿ ಮಾತ್ರ. ಅಲ್ಲೇ ಅಜ್ಜ ಪೇಪರ್ ಓದುತ್ತಿರುತ್ತಾರೆ, ಅಲ್ಲಿಗೇ ತೋಟದ ಕೆಲಸದವರು ಬರುತ್ತಾರೆ. ಹುಡುಗಿ 'ಹ್ಞೂಂ', 'ಇಲ್ಲ' ಅಂತ ಮುಗಿಸಿಬಿಡುತ್ತಾಳೆ. ಫೋನಿನ ಹಿಂದೆ ಯಾರು ನಿಂತಿದ್ದಾರೆ ಅನ್ನುವುದು ಸೈಕಾಲಜಿಸ್ಟ್‌ಗೆ ಕಾಣಲ್ಲ. ಆ ಒಂದು ಗಂಟೆ ವರಾಂಡ ಖಾಲಿ ಮಾಡಿಕೊಡಿ. ಇಯರ್‌ಫೋನ್ ಹಾಕಿದರೂ ಅವಳ ಮಾತು ಹೊರಗೆ ಕೇಳುತ್ತದೆ, ಹಾಗಾಗಿ ಬಾಯಲ್ಲಿ ಹೇಳಲಾಗದ್ದನ್ನು ಚಾಟ್‌ನಲ್ಲಿ ಟೈಪ್ ಮಾಡಬಹುದು. ಕೆಲವು ಮಕ್ಕಳು ಹಾಗೆಯೇ ಜಾಸ್ತಿ ಬಿಚ್ಚಿಕೊಳ್ಳುತ್ತಾರೆ. (ಐದಾರು ವರ್ಷದ ಮಕ್ಕಳ ವಿಷಯ ಬೇರೆ. ಆಟ, ಚಿತ್ರದ ಮೂಲಕ ನಡೆಯುವ ಕೆಲಸಕ್ಕೆ ದೊಡ್ಡವರೊಬ್ಬರು ಜೊತೆಗಿರಬೇಕಾಗುತ್ತದೆ.)

ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ, ಹಿಂದೆಯೇ ಟವರ್ ಕೂಡ. ಅಳುತ್ತಿರುವಾಗಲೇ ಕಾಲ್ ಕಟ್ ಆದರೆ ಮಗುವಿಗೆ ಕೈಬಿಟ್ಟ ಹಾಗೆ ಅನ್ನಿಸಬಹುದು. ಕಟ್ ಆದರೆ ಯಾರು ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಮೊದಲೇ ಮಾತಾಡಿಟ್ಟುಕೊಳ್ಳಿ. ಲ್ಯಾಂಡ್‌ಲೈನ್ ಇದ್ದರೆ ಅದನ್ನೂ ಕೊಡಿ.

ಇನ್ನು ನಿಮ್ಮ ಭಯ. ಗುಟ್ಟು ಕಾಪಾಡುವುದಕ್ಕೂ ಮಿತಿ ಇದೆ. ಮಗಳ ಜೀವಕ್ಕೆ ಅಪಾಯ ಕಂಡರೆ ಸೈಕಾಲಜಿಸ್ಟ್ ಸುಮ್ನೆ ಕೂರುವುದಿಲ್ಲ. ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಸೈಕಾಲಜಿಸ್ಟ್ ನಿಮ್ಮ ಪೂರ್ತಿ ವಿಳಾಸ, ಹತ್ತಿರದ ಆಸ್ಪತ್ರೆ, ಇನ್ನೊಬ್ಬ ದೊಡ್ಡವರ ನಂಬರ್ ಬರೆದಿಟ್ಟುಕೊಂಡಿದ್ದಾರಾ ಕೇಳಿ. ಕೇಳಿಯೇ ಇಲ್ಲ ಅಂದರೆ ನೀವೇ ಕೊಡಿ. ಸಾಯುವ ಮಾತು ಬಂದರೆ ಮಾತ್ರ ಮುಂದಿನ ವಾರದ ಕಾಲ್‌ಗೆ ಕಾಯಬೇಡಿ. ಅವಳನ್ನು ಒಬ್ಬಳೇ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಏನು ಮಾಡುವುದು ಅಂತ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ, ಅಂದರೆ 14416ಕ್ಕೆ ಫೋನ್ ಮಾಡಿ. 24 ಗಂಟೆಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.

ಕಾಲ್ ಮುಗಿದ ಕೂಡಲೇ 'ಏನು ಕೇಳಿದರು?' ಅಂತ ಶುರು ಮಾಡಬೇಡಿ. ಕೌನ್ಸೆಲಿಂಗ್‌ಗೆ ಕ್ಲಿನಿಕ್‌ಗೇ ಹೋಗಿದ್ದರೆ ಮನೆಗೆ ಬರುವ ದಾರಿಯಲ್ಲಾದರೂ ಸುಧಾರಿಸಿಕೊಳ್ಳುತ್ತಿದ್ದಳು. ನಿಮಗೆ ಕೇಳುವುದಿದ್ದರೆ ಸೈಕಾಲಜಿಸ್ಟ್ ಹತ್ತಿರ ಬೇರೆ ಸಮಯ ಕೇಳಿ, ಅದೂ ಮಗಳಿಗೆ ಹೇಳಿಯೇ.